ನೀರೊಳಗಿನ ಫೋಟೊಗೆ ಯಾವ ವೈಡ್ ಲೆನ್ಸ್? ಬರೆದೇ ಹೇಳಿಬಿಡ್ತೀನಿ

"ಸಾರ್, ನೀರೊಳಗೆ ಫೋಟೊ ತೆಗೆಯೋಕೆ ಒಂದು ಒಳ್ಳೇ ವೈಡ್ ಲೆನ್ಸ್ ಹೇಳಿ. ಮಿರರ್‌ಲೆಸ್ ಕ್ಯಾಮೆರಾ ಇದೆ. ಬಜೆಟ್ ಮಾತ್ರ ಕಡಿಮೆ."

ವೈಡ್ ಅಂದರೆ ಅಗಲವಾದ ನೋಟ ಹಿಡಿಸುವ ಲೆನ್ಸ್. ಈ ಪ್ರಶ್ನೆ ನನಗೆ ಬಾಯಿಪಾಠ ಆಗಿಹೋಗಿದೆ. ಮುರ್ಡೇಶ್ವರದಾಚೆ ಡೈವಿಂಗ್‌ಗೆ ಹೆಸರಾದ ನೇತ್ರಾಣಿ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಕೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಒಮ್ಮೆ ಡೋಮ್ ಪೋರ್ಟ್ ಅಂದರೇನು ಅಂತ ಕೈಯಾಡಿಸಿ ವಿವರಿಸುತ್ತಿದ್ದೆ. ಬೇಡ ಅಂತ ಕೈ ಅಡ್ಡ ಹಿಡಿದಿದ್ದೇನೆ ಅಂದುಕೊಂಡು ಹೋಳಿಗೆ ಬಡಿಸುವವರು ಮುಂದೆ ಹೋಗಿಬಿಟ್ಟರು. ಇನ್ನು ಬಾಯಲ್ಲಿ ಹೇಳುವುದಿಲ್ಲ. ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಅವಸರ ಇರುವವರಿಗೆ ಉತ್ತರ ಇಷ್ಟೇ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಸಾಕು. ಹೊಸ ಲೆನ್ಸ್ ಬೇಡ. ದುಡ್ಡಿದ್ದರೆ ಲೆನ್ಸಿನ ಮುಂದೆ ಬರುವ ಗಾಜಿಗೆ ಹಾಕಿ. ಆಮೇಲೂ ಉಳಿದರೆ ಫ್ಲ್ಯಾಶ್‌ಗೆ ಹಾಕಿ. ಅಷ್ಟೂ ಆದಮೇಲೆ ಮಿಕ್ಕಿದರೆ ಇನ್ನೊಂದು ಸಲ ಡೈವಿಂಗ್‌ಗೆ ಹೋಗಿ ಬನ್ನಿ.

ಇದನ್ನು ಹೇಳಿದ ತಕ್ಷಣ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿದ್ದು ಒಂದು ಹೆಸರು. ಅಂಗಡಿಯಲ್ಲಿ ಕೇಳುವ ಹಾಗಿರುವ, ನಂಬರ್ ಇರುವ, ಹೇಳಿಕೊಳ್ಳೋಕೆ ಜೋರಾಗಿರುವ ಹೆಸರು. "ಕಿಟ್ ಲೆನ್ಸಾ? ನೀವು ಅದನ್ನೇ ಇಟ್ಟುಕೊಂಡಿದ್ದೀರಾ?" ಅಂತ ಅನುಮಾನದಿಂದ ನೋಡುತ್ತಾರೆ. ಹೌದು ಸ್ವಾಮಿ, ಅದನ್ನೇ ಇಟ್ಟುಕೊಂಡಿದ್ದೇನೆ. ಸೋನಿ ಎ6400, ಅದರ ಜೊತೆ ಬಂದ 16-50 ಎಂಎಂ ಕಿಟ್ ಲೆನ್ಸ್, ಒಂದು ಪ್ಲಾಸ್ಟಿಕ್ ಹೌಸಿಂಗ್. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಈ ಲೆನ್ಸಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ, ಅದಕ್ಕೇ ಅಗ್ಗ. "ನಿಮಗೆ ಫೋಟೊ ಚೆನ್ನಾಗಿ ಬರೋದು ಕ್ಯಾಮೆರಾದಿಂದ" ಅನ್ನುವವರೂ ಇದ್ದಾರೆ. ಅವರಿಗೂ ಇದೇ ಉತ್ತರ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದನ್ನು ಕೇಳುವ ರೀತಿಗೆ. ಯಾರೂ ಹೌಸಿಂಗ್ ಬಗ್ಗೆ ಬಾಯಿ ಬಿಡುವುದಿಲ್ಲ. ಕ್ಯಾಮೆರಾ ನೀರಿಗಿಳಿಯುವುದು ಒಂದು ಪೆಟ್ಟಿಗೆಯೊಳಗೆ ಕೂತು. ಅದೇ ಹೌಸಿಂಗ್. ಅದರ ಮುಂಭಾಗಕ್ಕೆ ಲೆನ್ಸಿನ ಎದುರು ಕೂರುವ ಕಿಟಕಿಗೆ ಪೋರ್ಟ್ ಅನ್ನುತ್ತಾರೆ. ನಿಮ್ಮ ಹೌಸಿಂಗ್‌ಗೆ ಯಾವ ಪೋರ್ಟ್ ಸಿಗುತ್ತದೆ, ಆ ಪೋರ್ಟಿನೊಳಗೆ ಯಾವ ಲೆನ್ಸ್ ಹಿಡಿಸುತ್ತದೆ, ಅದರ ಝೂಮ್ ತಿರುಗಿಸೋಕೆ ಗೇರ್ ಇದೆಯಾ, ಇಷ್ಟನ್ನು ಹೌಸಿಂಗ್ ಮಾಡುವವರು ಪಟ್ಟಿ ಮಾಡಿ ಕೊಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಇಲ್ಲದ ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಪಾಲಿಗೆ ಇಲ್ಲ.

"ಹೌಸಿಂಗ್ ಯಾವುದು?" ಅಂತ ಕೇಳಿದರೆ, "ಅದು ಆಮೇಲೆ ನೋಡೋಣ ಸಾರ್, ಮೊದಲು ಲೆನ್ಸ್ ಹೇಳಿ." ಇಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ.

ಸರಿ, ಗಾಜಿನ ವಿಷಯ. ಇದೊಂದು ಅರ್ಥವಾದರೆ ಅರ್ಧ ದುಡ್ಡು ಉಳಿಯುತ್ತದೆ.

ಪೋರ್ಟ್‌ನಲ್ಲಿ ಎರಡು ಜಾತಿ. ಚಪ್ಪಟೆ ಗಾಜಿನದು ಫ್ಲಾಟ್ ಪೋರ್ಟ್. ಉಬ್ಬಿದ ಗಾಜಿನದು ಡೋಮ್ ಪೋರ್ಟ್. ಬೆಳಕು ನೀರಿನಿಂದ ಗಾಜು ದಾಟಿ ಒಳಗಿನ ಗಾಳಿಗೆ ಬರುವಾಗ ಬಾಗುತ್ತದೆ. ಚಪ್ಪಟೆ ಗಾಜಿದ್ದರೆ, ಎದುರಿಗಿರುವುದೆಲ್ಲ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಮಾಸ್ಕ್ ಹಾಕಿಕೊಂಡು ನೀರಿಗಿಳಿದ ಯಾರಿಗೇ ಆದರೂ ಇದು ಗೊತ್ತು. ಸಣ್ಣ ಮೀನು ನೋಡಿ "ಅಬ್ಬಾ ಎಷ್ಟು ದೊಡ್ಡದಿತ್ತು" ಅಂತ ಬಂದು ಹೇಳುವುದು ಇದೇ ಕಾರಣಕ್ಕೆ. ದೊಡ್ಡದಾಗಿ ಕಂಡರೆ ಚೌಕಟ್ಟಿನೊಳಗೆ ಹಿಡಿಸುವುದು ಕಡಿಮೆ. ಅಂದರೆ ನೀವು ದುಡ್ಡು ಕೊಟ್ಟು ತಂದ ವೈಡ್ ನೀರಿನಲ್ಲಿ ಕಳೆದುಹೋಗುತ್ತದೆ.

ಎಷ್ಟು ಕಳೆದುಹೋಗುತ್ತದೆ? ಲೆಕ್ಕ ನೋಡಿ. ಎಂಎಂ ಕಡಿಮೆಯಾದಷ್ಟೂ ನೋಟ ಅಗಲ. ಎಪಿಎಸ್-ಸಿ ಅನ್ನುವ ಮಧ್ಯಮ ಅಳತೆಯ ಸೆನ್ಸರ್ (ಫೋಟೊ ಹಿಡಿಯುವ ಚಿಪ್, ನನ್ನ ಎ6400ರದೂ ಅದೇ) ಇರುವ ಕ್ಯಾಮೆರಾದಲ್ಲಿ 16 ಎಂಎಂ ಲೆನ್ಸ್ ಗಾಳಿಯಲ್ಲಿ ಮೂಲೆಯಿಂದ ಮೂಲೆಗೆ 83 ಡಿಗ್ರಿ ನೋಡುತ್ತದೆ. ಫ್ಲಾಟ್ ಪೋರ್ಟ್ ಹಿಂದೆ ಅದು 60ರ ಆಸುಪಾಸಿಗೆ ಇಳಿಯುತ್ತದೆ. ಹಾಗಾದರೆ ಇನ್ನೂ ವೈಡ್ ತಗೊಂಡರಾಯಿತು ಅಂತ 10 ಎಂಎಂ ಹಾಕಿದಿರಿ ಅಂದುಕೊಳ್ಳಿ. ಗಾಳಿಯಲ್ಲಿ 109 ಡಿಗ್ರಿ. ಫ್ಲಾಟ್ ಪೋರ್ಟ್ ಹಿಂದೆ 75. ಅದೂ ಅಂಚುಗಳಲ್ಲಿ ಬಣ್ಣ ಬಣ್ಣದ ಗೆರೆ, ಎಳೆದು ಹಿಗ್ಗಿಸಿದ ಮೀನು. ಚಪ್ಪಟೆ ಗಾಜಿನ ಮಿತಿಯೇ ಸುಮಾರು 97 ಡಿಗ್ರಿ. ಎಂಥ ಲೆನ್ಸ್ ತಂದರೂ ಅದರಾಚೆ ಏನೂ ಕಾಣುವುದಿಲ್ಲ. ಅದೇ 16 ಎಂಎಂ ಕಿಟ್ ಲೆನ್ಸನ್ನು ಸರಿಯಾದ ಡೋಮ್ ಹಿಂದೆ ಕೂರಿಸಿ. ಅದರ 83 ಡಿಗ್ರಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಡೋಮ್ ಹಿಂದಿನ ಬಡಪಾಯಿ ಕಿಟ್ ಲೆನ್ಸ್, ಫ್ಲಾಟ್ ಹಿಂದಿನ ದುಬಾರಿ ವೈಡ್ ಲೆನ್ಸಿಗಿಂತ ಜಾಸ್ತಿ ನೋಡುತ್ತದೆ! ನಂಬಿಕೆ ಇಲ್ಲದಿದ್ದರೆ ಪಿಯುಸಿ ಫಿಸಿಕ್ಸ್ ಪುಸ್ತಕ ತೆಗೆದು ನೀವೇ ಲೆಕ್ಕ ಹಾಕಿ.

ಡೋಮ್‌ಗೂ ತನ್ನದೇ ತಕರಾರುಗಳಿವೆ. ಡೋಮ್ ಮುಂದೆ ಹತ್ತು ಮೀಟರ್ ದೂರದಲ್ಲಿ ಇರುವ ಬಂಡೆಯೂ ಲೆನ್ಸಿನ ಕಣ್ಣಿಗೆ ಗಾಜಿನಾಚೆ ಒಂದು ಅಡಿಯೊಳಗೆ ಇದ್ದಂತೆ ಕಾಣುತ್ತದೆ. ಡೋಮ್ ಚಿಕ್ಕದಾದಷ್ಟೂ ಇನ್ನೂ ಹತ್ತಿರ. ಹಾಗಾಗಿ ಅಷ್ಟು ಹತ್ತಿರ ಫೋಕಸ್ ಮಾಡಲಾರದ ಲೆನ್ಸ್ ಡೋಮ್ ಹಿಂದೆ ಕುರುಡು. ಸೋನಿಯ 10-18 ವೈಡ್ ಲೆನ್ಸ್ ಆಗಲಿ, 16-50ರ ವೈಡ್ ಕೊನೆಯಾಗಲಿ 25 ಸೆಂಟಿಮೀಟರ್‌ವರೆಗೆ ಫೋಕಸ್ ಮಾಡುತ್ತವೆ, ಬಚಾವ್. ಲೆನ್ಸ್ ಕೊಳ್ಳುವಾಗ ಎಲ್ಲರೂ ಎಫ್ ನಂಬರ್ ನೋಡುತ್ತಾರೆ. ಕನಿಷ್ಠ ಫೋಕಸ್ ದೂರ ಎಷ್ಟು ಅಂತ ಯಾರೂ ನೋಡುವುದಿಲ್ಲ. ನೀರಿಗಿಳಿಯುವವರು ಮೊದಲು ನೋಡಬೇಕಾದ್ದು ಅದನ್ನೇ.

ಇನ್ನು ಎಫ್ 1.8, ಎಫ್ 2.8 ವ್ಯಾಮೋಹ. ಈ ನಂಬರ್ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು, ಬೆಳಕು ಜಾಸ್ತಿ. "ಒಳಗೆ ಕತ್ತಲೆ ಅಲ್ವಾ ಸಾರ್, ಅದಕ್ಕೇ ಫಾಸ್ಟ್ ಲೆನ್ಸ್." ಡೋಮ್ ಹಿಂದೆ ಆ ಕಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದರೆ ಫೋಟೊದ ಮೂಲೆಗಳು ಕಲಸಿಹೋಗುತ್ತವೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್ 8, ಎಫ್ 11ಕ್ಕೆ ಕಿರಿದು ಮಾಡಲೇಬೇಕು. ಫುಲ್ ಫ್ರೇಮ್ (ಅದಕ್ಕಿಂತ ದೊಡ್ಡ ಸೆನ್ಸರ್) ಆದರೆ ಇನ್ನೂ ಕಿರಿದು ಮಾಡಬೇಕು, ಡೋಮೂ ಇನ್ನೂ ದೊಡ್ಡದು ಬೇಕು. ಎಫ್ 8ರಲ್ಲೇ ತೆಗೆಯುವ ಫೋಟೊಗೆ ಎಫ್ 1.8ರ ದುಡ್ಡು ಯಾಕೆ ಕೊಡಬೇಕು?

ಇಷ್ಟೆಲ್ಲ ನಾನು ಒಬ್ಬ ಹುಡುಗನಿಗೆ ಮುರ್ಡೇಶ್ವರದಿಂದ ನೇತ್ರಾಣಿಯವರೆಗೂ ಹೇಳಿಕೊಂಡು ಹೋಗಿದ್ದೆ. ಸುಮಾರು 19 ಕಿಲೋಮೀಟರ್ ಸಮುದ್ರ ದಾರಿ. ಬೋಟಿನಲ್ಲಿ ಅರ್ಧ ಜನ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಇವನು ಮಾತ್ರ ತೊಡೆ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಪ್ರಶ್ನೆ ಕೇಳುತ್ತಲೇ ಇದ್ದ. ಬೆಂಗಳೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ. ಹೌಸಿಂಗ್ ಜೊತೆ ಪುಕ್ಕಟೆ ಬಂದ ಫ್ಲಾಟ್ ಪೋರ್ಟ್, ಒಳಗೆ ಕಂತಿನಲ್ಲಿ ತಗೊಂಡ ವೈಡ್ ಲೆನ್ಸ್. "ಬೈಕ್ ಇಎಂಐ ಮುಗೀತು, ಇದು ಶುರುವಾಯ್ತು" ಅಂತ ನಗುತ್ತಿದ್ದ. ಒಳ್ಳೇ ಹುಡುಗ. ಹೇಳಿದ್ದಕ್ಕೆಲ್ಲ ಹೂಂ ಅಂದ. ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

ಅವತ್ತು ನೀರು ಹೆಸರುಕಾಳಿನ ಸಾರಿನಂತಿತ್ತು. ನೇತ್ರಾಣಿಯಲ್ಲಿ ನೀರು ತಿಳಿಯಾಗಿರುವ ದಿನವೂ ಉಂಟು, ಆದರೆ ಅದು ನಮ್ಮ ರಜೆ ನೋಡಿಕೊಂಡು ಬರುವುದಿಲ್ಲ. ಬಂಡೆಯ ಅಂಚಿನಲ್ಲಿ ಬರಕೂಡ ಮೀನುಗಳ ಒಂದು ಹಿಂಡು ನಿಂತಿತ್ತು. ಬರಕೂಡ ಓಡಿಹೋಗುವ ಗಿರಾಕಿಯಲ್ಲ. ಗಲಾಟೆ ಮಾಡದೆ ಹೋದರೆ ಸಾಕಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ. ಇವನು ನಾಲ್ಕೈದು ಮೀಟರ್ ಆಚೆಯೇ ನಿಂತು, ಹಿಂಡು ಪೂರ್ತಿ ಬರಲಿ ಅಂತ ಇನ್ನೂ ಹಿಂದೆ ಸರಿದ. ಸರಿಯುವ ಭರದಲ್ಲಿ ಕಾಲಿನ ಫಿನ್ ಹವಳದ ಮೇಲೆ ಹೋಗುವುದರಲ್ಲಿತ್ತು. ಗೈಡ್ ಬಂದು ಸಿಲಿಂಡರ್ ಹಿಡಿದು ಮೇಲಕ್ಕೆತ್ತಿದ, ಬೆಕ್ಕಿನಮರಿ ಎತ್ತಿದ ಹಾಗೆ ಅಂತ ಬರೆಯಬಹುದಿತ್ತು, ಆದರೆ ಬೆಕ್ಕಿನಮರಿ ಅಷ್ಟು ಒದ್ದಾಡುವುದಿಲ್ಲ.

ಬೋಟಿಗೆ ಬಂದಮೇಲೆ ಫೋಟೊ ತೋರಿಸಿದ. ಪರದೆ ತುಂಬ ಹಸಿರು. ನಡುವೆ ಮಸುಕಾಗಿ ಒಂದಷ್ಟು ಸಣ್ಣ ಗೀರುಗಳು. ಬರಕೂಡ ಅಂತ ಅವನು ಹೇಳಿದ್ದಕ್ಕೆ ಬರಕೂಡ.

"ಇನ್ನೂ ವೈಡ್ ಬೇಕಿತ್ತು ಅನ್ಸುತ್ತೆ ಅಲ್ವಾ ಸಾರ್?"

ಬಾಯಲ್ಲಿ ಉಪ್ಪುನೀರಿನ ರುಚಿ, ಕೈಯಲ್ಲಿ ಗ್ಲೂಕೋಸ್ ಬಿಸ್ಕತ್ತು. "ಇಲ್ಲ ಮಾರಾಯ," ಅಂದೆ, "ಇನ್ನೂ ಹತ್ತಿರ ಬೇಕಿತ್ತು."

ನೆಲದ ಮೇಲೆ ವೈಡ್ ಲೆನ್ಸ್ ಇರುವುದು ದೊಡ್ಡದನ್ನು ಹಿಡಿಸೋಕೆ. ಮುರ್ಡೇಶ್ವರದ ಶಿವನ ಮೂರ್ತಿ 123 ಅಡಿ ಇದೆ. ಫೋನಲ್ಲಿ ಪೂರ್ತಿ ಬರಲಿಲ್ಲ ಅಂದರೆ ಜನ ಹಿಂದೆ ಹಿಂದೆ ಹೋಗುತ್ತಾರೆ, ಆಗಲೂ ಬರದಿದ್ದರೆ ವೈಡ್ ಹಾಕುತ್ತಾರೆ. ಸಮುದ್ರದಲ್ಲಿ ಇದು ತಲೆಕೆಳಗು. ಅಲ್ಲಿ ವೈಡ್ ಇರುವುದು ಹತ್ತಿರ ಹೋಗೋಕೆ. ಕ್ಯಾಮೆರಾಕ್ಕೂ ಮೀನಿಗೂ ನಡುವೆ ಇರುವ ನೀರೇ ಶತ್ರು. ಆ ನೀರಿನಲ್ಲಿ ಕಸ ತೇಲುತ್ತದೆ, ಪ್ಲಾಂಕ್ಟನ್ ತೇಲುತ್ತದೆ. ನೀರೇ ಬಣ್ಣ ತಿನ್ನುತ್ತದೆ. ಮೊದಲು ಹೋಗುವುದು ಕೆಂಪು. ಐದು ಮೀಟರ್ ಆಳದಲ್ಲೇ ಅದು ಸೊರಗಿರುತ್ತದೆ, ಹತ್ತು ದಾಟಿದರೆ ಇಲ್ಲವೇ ಇಲ್ಲ ಅನ್ನಬಹುದು. ಫ್ಲ್ಯಾಶ್ ಹಾಕಿದರೂ ಅದರ ಬೆಳಕು ಹೋಗಿ ಬರುವ ದಾರಿ ಎರಡೂ ಲೆಕ್ಕ. ಮೀನು ಎರಡು ಮೀಟರ್ ಆಚೆ ಇದ್ದರೆ ಬೆಳಕು ನಾಲ್ಕು ಮೀಟರ್ ನೀರು ದಾಟಬೇಕು. ಒಂದು ಮೀಟರ್ ಒಳಗೆ ಹೋಗಿ, ಅರ್ಧ ಮೀಟರ್ ಆದರೆ ಇನ್ನೂ ವಾಸಿ. ಅಷ್ಟು ಹತ್ತಿರ ಹೋದಮೇಲೂ ಇಡೀ ಮೀನು, ಹಿಂದಿನ ಬಂಡೆ, ಮೇಲಿನ ಸೂರ್ಯ ಎಲ್ಲ ಹಿಡಿಸಬೇಕಲ್ಲ, ಅದಕ್ಕೇ ವೈಡ್ ಬೇಕಾಗಿರುವುದು.

ಹಾಗಾಗಿ ನನ್ನನ್ನು ಯಾರಾದರೂ "ಯಾವ ಲೆನ್ಸ್?" ಅನ್ನುವ ಬದಲು "ಹತ್ತಿರ ಹೋಗೋದು ಹೇಗೆ?" ಅಂತ ಕೇಳಿದ್ದರೆ ಹೋಳಿಗೆ ಹೋದರೂ ಬೇಜಾರಿರಲಿಲ್ಲ. ಯಾರೂ ಕೇಳಿಲ್ಲ. ಕೇಳಿದ್ದಾರೆ ಅಂದುಕೊಂಡು ಹೇಳುತ್ತೇನೆ.

ನೀರೊಳಗೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಮೊದಲು ಕಲಿಯಿರಿ. ಕ್ಯಾಮೆರಾ ಇಲ್ಲದೆ ಕಲಿಯಿರಿ. ಸೊಂಟಕ್ಕೆ ಕಟ್ಟುವ ಸೀಸದ ತೂಕ ಸರಿಯಾಗಿದ್ದರೆ ಮಿಕ್ಕಿದ್ದು ಉಸಿರಿನ ಕೆಲಸ. ಎದೆ ತುಂಬ ಎಳೆದರೆ ನಿಧಾನ ಮೇಲೇಳುತ್ತೀರಿ, ಪೂರ್ತಿ ಬಿಟ್ಟರೆ ನಿಧಾನ ಇಳಿಯುತ್ತೀರಿ. ಆ ಎರಡರ ನಡುವೆ ನಿಧಾನವಾಗಿ ಉಸಿರಾಡುತ್ತ ಬಂಡೆಯಿಂದ ಒಂದು ಗೇಣು ಮೇಲೆ ಕೈಕಾಲು ಆಡಿಸದೆ ನಿಲ್ಲೋಕೆ ಬರಬೇಕು. ಫೋಟೊ ಅಲುಗದಿರಲಿ ಅಂತ ಉಸಿರು ಬಿಗಿಹಿಡಿಯಬೇಡಿ. ಅದು ಸ್ಕೂಬಾದಲ್ಲಿ ಮಾಡಲೇಬಾರದ ಕೆಲಸ, ಶ್ವಾಸಕೋಶಕ್ಕೇ ಕುತ್ತು. ಹವಳದ ಮೇಲೆ ಕೈ ಊರುವುದೂ ಬೇಡ. ಬಂಡೆಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಹುಲಿಯ ಮೇಲೆ ಮೊಣಕೈ ಊರಿ ಫೋಟೊ ತೆಗೀತೀರಾ?

ಆಮೇಲೆ ಮೀನಿನ ಕಡೆಗೆ ನೇರ ನುಗ್ಗಬೇಡಿ. ಬೆನ್ನಟ್ಟಿದರೆ ಸಿಗುವುದು ಬಾಲದ ಫೋಟೊ. ಬಂಡೆಯ ಸಂದಿಯಲ್ಲಿ ಹಾವಿನಂಥ ಮೀನು ಮೊರೇ ಈಲ್ ತಲೆ ಹೊರಗಿಟ್ಟು ಕೂತಿರುತ್ತದೆ ನೋಡಿ, ಅದರಿಂದ ಶುರು ಮಾಡಿ. ಹಗಲು ಹೊತ್ತು ಅದು ಸಾಮಾನ್ಯವಾಗಿ ಮನೆ ಬಿಟ್ಟು ಹೋಗುವುದಿಲ್ಲ. ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ಹೆದರಬೇಡಿ, ಅದು ಉಸಿರಾಡುತ್ತಿದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಅಲ್ಲೇ ಸುಮ್ನೆ ನಿಲ್ಲಿ. ನಿಮ್ಮ ಗುಳ್ಳೆಗಳ ಸದ್ದಿಗೆ ಅದು ಒಗ್ಗಿಕೊಳ್ಳಲಿ. ಒಳಗೆ ಸರಿದ ತಲೆ ಮತ್ತೆ ಹೊರಗೆ ಬಂದರೆ ಒಂದು ಗೇಣು ಮುಂದೆ ಹೋಗಿ. ಮತ್ತೆ ನಿಲ್ಲಿ. ಕ್ಯಾಮೆರಾ ಕೆಳಗಿನಿಂದ ಸ್ವಲ್ಪ ಮೇಲಕ್ಕೆ ನೋಡುವಂತೆ ಹಿಡಿಯಿರಿ, ಆಗ ಹಿಂದೆ ಬಂಡೆಯ ಗೊಂದಲ ಇರುವುದಿಲ್ಲ, ನೀರು ನೀಲಿಯಾಗಿ ಸಿಗುತ್ತದೆ. ಮೇಲಿನಿಂದ ಕೆಳಗೆ ತೆಗೆದ ಮೀನು ಬಂಡೆಯಲ್ಲೇ ಕಳೆದುಹೋಗುತ್ತದೆ. ಫ್ಲ್ಯಾಶನ್ನು ಲೆನ್ಸಿನ ಪಕ್ಕ ಅಂಟಿಸಿಕೊಳ್ಳಬೇಡಿ. ಫ್ಲ್ಯಾಶ್ ಹಿಡಿಯುವ ತೋಳು ಅಗಲಿಸಿ ದೂರ ಇಡಿ, ಹೌಸಿಂಗ್ ಹ್ಯಾಂಡಲ್‌ಗಿಂತ ಸ್ವಲ್ಪ ಹಿಂದೆ. ಇಲ್ಲದಿದ್ದರೆ ತೇಲುವ ಪ್ರತಿ ಕಣವೂ ಹೊಳೆದು ಫೋಟೊದಲ್ಲಿ ಹಿಮ ಸುರಿದಿರುತ್ತದೆ.

ಇದಕ್ಕೆಲ್ಲ ಒಂದು ರೂಪಾಯಿಯೂ ಬೇಡ. ಅದಕ್ಕೇ ಇರಬೇಕು ಯಾರೂ ಕೇಳುವುದಿಲ್ಲ.

ಸರಿ, ಲೆನ್ಸ್ ಪ್ರಶ್ನೆಗೇ ಬರೋಣ, ಬಿಟ್ಟರೆ ನೀವು ಬಿಡಲ್ಲ.

ಕಿಟ್ ಲೆನ್ಸ್ ಇದೆ ಅಂತಾದರೆ ನಿಮ್ಮ ಮುಂದೆ ಎರಡು ದಾರಿ. ಒಂದು ಡೋಮ್. ಸೀಫ್ರಾಗ್ಸ್‌ನಂಥ ಪ್ಲಾಸ್ಟಿಕ್ ಹೌಸಿಂಗ್‌ಗಳಿಗೆ 6 ಇಂಚು, 8 ಇಂಚಿನ ಅಕ್ರಿಲಿಕ್ ಡೋಮ್ ಸಿಗುತ್ತವೆ. 40 ಮೀಟರ್‌ವರೆಗೆ ಇಳಿಸಬಹುದು ಅನ್ನುತ್ತಾರೆ, ಹವ್ಯಾಸಿಗಳಿಗೆ ಬೇಕಾದಷ್ಟಾಯಿತು. ಅರ್ಧ ನೀರು ಅರ್ಧ ಆಕಾಶದ ಫೋಟೊ ಬೇಕು ಅನ್ನುವವರು ದೊಡ್ಡದನ್ನೇ ತಗೊಳ್ಳಿ, ಚಿಕ್ಕ ಡೋಮಿನಲ್ಲಿ ನೀರಿನ ಗೆರೆ ನಿಲ್ಲಿಸುವುದು ಕಷ್ಟ. ಅಕ್ರಿಲಿಕ್ ಬೇಗ ಗೀರಾಗುತ್ತದೆ ನಿಜ, ಆದರೆ ಸಣ್ಣ ಗೀರುಗಳು ನೀರಿನೊಳಗೆ ಕಾಣುವುದಿಲ್ಲ, ತಿಕ್ಕಿ ತೆಗೆಯಲೂಬಹುದು. ಒಳಗೆ ತುಂಬಿದ ಗಾಳಿಯಿಂದ ದೊಡ್ಡ ಡೋಮ್ ಮೇಲಕ್ಕೆ ಜಗ್ಗುತ್ತದೆ, ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತದೆ.

ಇನ್ನೊಂದು ವೆಟ್ ಲೆನ್ಸ್. ನನ್ನ ಮತ ಇದಕ್ಕೆ. ಫ್ಲಾಟ್ ಪೋರ್ಟಿನ ಹೊರಗೆ 67 ಎಂಎಂ ತ್ರೆಡ್‌ಗೆ ತಿರುಗಿಸಿ ಹಾಕುವ ದಪ್ಪ ಗಾಜು ಇದು. ನೀರಿನೊಳಗೇ ಹಾಕಬಹುದು, ತೆಗೆಯಬಹುದು. ಹಾಕಿದರೆ ವೈಡ್. ತೆಗೆದರೆ ಕಿಟ್ ಲೆನ್ಸಿನ ಮಾಮೂಲಿ ಝೂಮ್. ಗಾಜಿಗೆ ತಾಗುವಷ್ಟು ಹತ್ತಿರ ಇರುವುದನ್ನೂ ಫೋಕಸ್ ಮಾಡುತ್ತದೆ. ನಾಟಿಕ್ಯಾಮ್‌ನ ಡಬ್ಲ್ಯುಡಬ್ಲ್ಯುಎಲ್-1 ಅನ್ನುವುದು 130 ಡಿಗ್ರಿ ಕೊಡುತ್ತದೆ. ಅದ್ಭುತ ಗಾಜು, ಆದರೆ ನಮ್ಮ ದುಡ್ಡಿನಲ್ಲಿ ಲಕ್ಷ ದಾಟುತ್ತದೆ. ಹಾಗಾಗಿ ಇಲ್ಲಿಗೆ ಅದು ಬೇಡ. ಎಒಐ ಯುಡಬ್ಲ್ಯುಎಲ್-09 ಕೂಡ 130 ಡಿಗ್ರಿಯದು, ಅದಕ್ಕಿಂತ ಅಗ್ಗ. ಇನಾನ್‌ನ ಎಚ್100 ಸುಮಾರು 100 ಡಿಗ್ರಿ, ಇನ್ನೂ ಅಗ್ಗ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ ಅಂತ ಹೇಳಲ್ಲ, ಕಣ್ಣು ಬಿಟ್ಟು ಟಾರ್ಚ್ ಹಾಕಿ ಒಳಗೆ ಫಂಗಸ್ ಇದೆಯಾ ನೋಡಿ ತಗೊಳ್ಳಿ. ಇವುಗಳಲ್ಲಿ ಹಲವು ಫುಲ್ ಫ್ರೇಮಿನ 28 ಎಂಎಂ ಲೆಕ್ಕಕ್ಕೆ ಮಾಡಿದವು, ಎಪಿಎಸ್-ಸಿಯಲ್ಲಿ ಅದು ಸುಮಾರು 19. ನಿಮ್ಮ 16-50ರಲ್ಲಿ 16ಕ್ಕೇ ಇಟ್ಟರೆ ಮೂಲೆ ಕಪ್ಪಾಗುತ್ತದೆ, 19ರ ಆಸುಪಾಸಿಗೆ ಝೂಮ್ ಮಾಡಿ.

ಹಾಕುವಾಗ ಒಂದು ಕೆಲಸ ಮರೆಯಬೇಡಿ. ಪೋರ್ಟಿಗೂ ವೆಟ್ ಲೆನ್ಸಿಗೂ ನಡುವೆ ನೀರು ತುಂಬಿರಲೇಬೇಕು. ಬೋಟಿನಿಂದ ಹಾರಿದಾಗ ಅಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ. ಇಳಿದ ಮೇಲೆ ತ್ರೆಡ್ ಅರ್ಧ ಸುತ್ತು ಸಡಿಲಿಸಿ, ಕ್ಯಾಮೆರಾ ವಾಲಿಸಿ, ಗುಳ್ಳೆ ಜಾರಿ ಹೊರಗೆ ಹೋಗುವುದನ್ನು ಕಣ್ಣಾರೆ ನೋಡಿ, ಬೆರಳಿಂದ ಗಾಜು ಒಂದು ಸಲ ಸವರಿ, ಮತ್ತೆ ಬಿಗಿ ಮಾಡಿ. ಲೆನ್ಸಿಗೊಂದು ದಾರ ಕಟ್ಟಿ ಹೌಸಿಂಗ್‌ಗೆ ಸಿಕ್ಕಿಸಿರಿ. ಕೈತಪ್ಪಿದರೆ ಅದು ಅರಬ್ಬೀ ಸಮುದ್ರದ ಪಾಲು.

ಫುಲ್ ಫ್ರೇಮ್ ಸೋನಿ ಇರುವವರಿಗೂ ಕಥೆ ಇದೇ. 28-60 ಅಂತ ಒಂದು ಸಣ್ಣ ಕಿಟ್ ಲೆನ್ಸ್ ಇದೆ. ನೆಲದ ಮೇಲೆ ಅದರ ಮುಖ ನೋಡುವವರಿಲ್ಲ. ವೆಟ್ ಲೆನ್ಸ್ ಹಿಂದೆ ಕೂತರೆ ಮಾತ್ರ ಡೈವರ್‌ಗಳು ಅದನ್ನು ತಲೆಮೇಲೆ ಹೊರುತ್ತಾರೆ.

ಫಿಶ್‌ಐ, ಅಂದರೆ ನೇರ ಗೆರೆಗಳನ್ನು ಬಾಗಿಸಿ ತುಂಬ ಅಗಲ ನೋಡುವ ಲೆನ್ಸ್, ಅದರ ಬಗ್ಗೆ ಕೇಳುವವರು ಬುದ್ಧಿವಂತರು. ಸಮುದ್ರದಲ್ಲಿ ನೇರ ಗೆರೆಗಳಿಲ್ಲ, ಬಾಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಚಿನಲ್ಲಿ ನಿಂತ ಡೈವರ್ ಮಾತ್ರ ಬಾಳೆಹಣ್ಣಾಗುತ್ತಾನೆ. ಮೈಕ್ರೋ ಫೋರ್ ಥರ್ಡ್ಸ್ ಅನ್ನುವ ಇನ್ನೂ ಚಿಕ್ಕ ಸೆನ್ಸರಿನ ಕ್ಯಾಮೆರಾ ಇದ್ದರೆ ಪ್ಯಾನಸಾನಿಕ್ 8 ಎಂಎಂ ಫಿಶ್‌ಐ ಹಳೇದು ಸಿಗುತ್ತದಾ ನೋಡಿ. 10 ಸೆಂಟಿಮೀಟರ್‌ಗೆ ಫೋಕಸ್ ಮಾಡುತ್ತದೆ, ಚಿಕ್ಕ ಡೋಮ್ ಸಾಕು. ಆದರೆ ಫಿಶ್‌ಐ ಹಾಕಿಕೊಂಡು ದೂರ ನಿಂತರೆ ಆ ಹುಡುಗನ ಗೀರುಗಳೂ ನಿಮಗೆ ಸಿಗುವುದಿಲ್ಲ.

ಫ್ಲ್ಯಾಶ್‌ಗೆ ದುಡ್ಡೇ ಇಲ್ಲ ಅಂದರೆ ಐದಾರು ಮೀಟರ್ ಆಳದಲ್ಲೇ ಇರಿ, ಸೂರ್ಯ ನಿಮ್ಮ ಬೆನ್ನಿಗಿರಲಿ, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ತೆಗೆಯಿರಿ, ಬಣ್ಣ ಮನೆಗೆ ಬಂದು ಸರಿಮಾಡಿ. ಬಣ್ಣ ಅರ್ಧ ಬಂದರೂ ಸಾಕು. ಇನ್ನರ್ಧ ಬೇಕಾದರೆ ಫ್ಲ್ಯಾಶೇ ಬೇಕು.

"ಇಷ್ಟೆಲ್ಲ ತಲೆನೋವು ಬೇಡ, ಗೋಪ್ರೋ ತಗೊಳ್ಳಲಾ?" ತಗೊಳ್ಳಿ. ವಿಡಿಯೊಗೆ ಚೆನ್ನಾಗಿದೆ. ನನ್ನ ಅಪ್ಪಣೆ ಯಾಕೆ?

ಇಷ್ಟಾದ ಮೇಲೂ ನನಗೆ ಮೆಸೇಜ್ ಮಾಡಲೇಬೇಕು ಅನಿಸಿದರೆ, ಹೌಸಿಂಗ್ ಯಾವುದು, ಅದರ ಪೋರ್ಟ್ ಯಾವುದು, ಎಲ್ಲಿ ಇಳಿಯುತ್ತೀರಿ, ಹೋದ ಸಲ ತೆಗೆದ ಒಂದು ಫೋಟೊದಲ್ಲಿ ಮೀನು ಎಷ್ಟು ದೂರ ಇತ್ತು, ಇಷ್ಟು ಬರೆದು ಕಳಿಸಿ. ಖಂಡಿತ ಉತ್ತರ ಕೊಡುತ್ತೇನೆ. ಬರೀ "ಯಾವ ಲೆನ್ಸ್ ಸಾರ್" ಅಂತ ಬಂದರೆ ನೀಲಿ ಟಿಕ್ ಮಾತ್ರ ಸಿಗುತ್ತದೆ.